ಶೀರ್ಷಿಕೆ ಆಮೇಲೆ, ಮೊದಲು ಡೇಟಾ

"ಸರ್, ಎಐ ಮೇಲೆ ಮಾಡ್ಲಾ?" ಲೈಬ್ರರಿ ಸೈನ್ಸ್‌ನಲ್ಲಿ ಪಿಎಚ್‌ಡಿ ಮಾಡಬೇಕೆನ್ನುವವರು ಈಗ ಕೇಳುವುದು ಇದನ್ನೇ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಎಐ ಮೇಲೆ ಏನು? ಅಲ್ಲಿಗೆ ಮಾತು ನಿಂತುಬಿಡುತ್ತದೆ.

ಇನ್ನು ಕೆಲವರು 'ಮುಂಬಯಿ ಕಾಲೇಜುಗಳಲ್ಲಿ ಇ-ಸಂಪನ್ಮೂಲಗಳ ಬಳಕೆ: ಒಂದು ಅಧ್ಯಯನ' ಎಂದು ಶೀರ್ಷಿಕೆ ಹಿಡಿದುಕೊಂಡೇ ಬರುತ್ತಾರೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಸಿಗುವ ಜಾಲತಾಣ ಶೋಧಗಂಗಾದಲ್ಲಿ ಹುಡುಕಿ ನೋಡಿ. ಊರಿನ ಹೆಸರಷ್ಟೇ ಬೇರೆಯಾದ ಇಂಥ ಪ್ರಬಂಧಗಳು ಸಾಲುಸಾಲಾಗಿ ಸಿಗುತ್ತವೆ. ಪ್ರಶ್ನಾವಳಿ ಹಂಚಿ, ಶೇಕಡಾವಾರು ಲೆಕ್ಕ ಹಾಕಿದರೆ ಪದವಿ ಬಂದೀತು. ಹೊಸದೇನು ತಿಳಿಯಿತು? ಶೋಧಗಂಗೋತ್ರಿಯನ್ನೂ ನೋಡಿ. ಯಾರು ಏನು ಶುರುಮಾಡಿದ್ದಾರೆ ಅನ್ನುವುದು ಅಲ್ಲಿರುವ ಸಾರಲೇಖಗಳಿಂದ, ಅಂದರೆ ಸಂಶೋಧನೆಯ ಸಿನಾಪ್ಸಿಸ್‌ಗಳಿಂದ, ಗೊತ್ತಾಗುತ್ತದೆ.

ನನ್ನ ಕೇಳಿದರೆ, ಕೈಗೆ ಸಿಗುವ ದಾಖಲೆಯಿಂದ ಹೊರಡಿ. ನಮ್ಮ ಮುಂಬಯಿಯ ಕನ್ನಡ ಸಂಘವೊಂದರ ಲೈಬ್ರರಿಯನ್ನೇ ತಗೊಳ್ಳಿ. ಬೇಂದ್ರೆಯವರ ಪುಸ್ತಕ ಕಪಾಟಿನಲ್ಲಿದೆ. ಕಂಪ್ಯೂಟರಿನಲ್ಲಿ ಒಂದು ಕಡೆ 'ಬೇಂದ್ರೆ ದ.ರಾ.', ಇನ್ನೊಂದು ಕಡೆ 'ಅಂಬಿಕಾತನಯದತ್ತ'. 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಾದ ನಮೂದು ಈಗಿನ ಯುನಿಕೋಡ್ ಅಕ್ಷರದಲ್ಲಿ ಹುಡುಕಿದರೆ ಬರುವುದೇ ಇಲ್ಲ. ಇಂಗ್ಲಿಷ್ ಲಿಪಿಯಲ್ಲಿದ್ದರಂತೂ ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಪುಸ್ತಕ ಇದ್ದೂ ಇಲ್ಲದ ಹಾಗೆ, ಅಲ್ವಾ?

ಪ್ರಶ್ನೆ ಇಲ್ಲೇ ಇದೆ. ಕಪಾಟಿನಲ್ಲಿರುವ ಪುಸ್ತಕಗಳಲ್ಲಿ ಎಷ್ಟು ಕ್ಯಾಟಲಾಗ್‌ನಲ್ಲಿ ಸಿಗುತ್ತವೆ? ಸಿಗದಿದ್ದರೆ ತಪ್ಪು ಲಿಪಿಯದೋ, ಕಾವ್ಯನಾಮದ್ದೋ? ಅಥಾರಿಟಿ ಫೈಲ್, ಅಂದರೆ ಒಬ್ಬ ಲೇಖಕರ ಎಲ್ಲ ಹೆಸರುಗಳನ್ನು ಒಂದೇ ಕಡೆ ಸೇರಿಸುವ ಪಟ್ಟಿ, ಮಾಡಿ ಹೆಸರುಗಳನ್ನು ಜೋಡಿಸಿದರೆ ಎಷ್ಟು ಸುಧಾರಿಸುತ್ತದೆ? ಓಪನ್ ಸೋರ್ಸ್ ಲೈಬ್ರರಿ ಸಾಫ್ಟ್‌ವೇರ್ ಆದ ಕೋಹಾದಲ್ಲಿ ಕನ್ನಡ ಯುನಿಕೋಡ್ ನಡೆಯುತ್ತದೆ, ಪ್ರಯೋಗಕ್ಕೆ ದುಡ್ಡು ಸುರಿಯಬೇಕಿಲ್ಲ. ಎಐ ಬೇಕೇ ಬೇಕು ಅಂದ್ರೆ ಇಲ್ಲಿ ತನ್ನಿ: ಎರಡು ಹೆಸರೂ ಒಬ್ಬರದೇ ಎಂದು ಯಂತ್ರ ಗುರುತಿಸುತ್ತದಾ, ಪರೀಕ್ಷಿಸಿ.

ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ 3 ವರ್ಷ. ಅಷ್ಟರಲ್ಲಿ ಸಂಘದ ಕಮಿಟಿ ಬದಲಾಗಬಹುದು, ಲೈಬ್ರರಿ ಗೋಡೌನಿಗೂ ಹೋಗಬಹುದು. "ಬನ್ನಿ, ನಮ್ಮವರೇ ಅಲ್ವಾ" ಅನ್ನುವ ಬಾಯಿಮಾತಿನ ಒಪ್ಪಿಗೆ ಸಾಲದು, ಪತ್ರ ತಗೊಳ್ಳಿ. ಡೊಂಬಿವಲಿಯಿಂದ ಲೋಕಲ್ ಹಿಡಿದು ನೌಕರಿಗೆ ಓಡಾಡುವವರು ಭಾನುವಾರ ಆ ಲೈಬ್ರರಿ ತೆರೆದಿರುತ್ತದಾ ಎಂದೂ ಕೇಳಿಕೊಳ್ಳಿ. ಇದು ಸಣ್ಣ ಮಾತಲ್ಲ.

ಸಾರಲೇಖ ಬರೆಯುವ ಮುಂಚೆ ಒಂದು ದಿನ ಹೋಗಿ, ಕಪಾಟಿನಿಂದ ಸುಮ್ನೆ 50 ಪುಸ್ತಕ ತೆಗೆದು ಕ್ಯಾಟಲಾಗ್‌ನಲ್ಲಿ ಹುಡುಕಿ. ಐವತ್ತೂ ಸಿಕ್ಕಿದರೆ ಆ ಲೈಬ್ರರಿ ನಿಮ್ಮ ವಿಷಯಕ್ಕೆ ಆಗುವುದಿಲ್ಲ. ಬೇರೆ ಕಡೆ ನೋಡಿ.