ಕೀ ಜಾಸ್ತಿ ಆಗಿ ನಿಂತದ್ದಲ್ಲ

ಲಂಡನ್ನಿನ ನಮ್ಮ ರಿಪೇರಿ ಅಂಗಡಿಗೆ ಹಳೆಯ ಬ್ರ್ಯಾಕೆಟ್ ಗಡಿಯಾರ (ಮೇಜಿನ ಮೇಲೆ ಇಡುವ, ಸ್ಪ್ರಿಂಗಿನಿಂದ ಓಡುವ ಗಡಿಯಾರ) ಹೊತ್ತು ತರುವವರದು ಹೆಚ್ಚಾಗಿ ಒಂದೇ ಮಾತು: "ಕೀ ಜಾಸ್ತಿ ಆಯ್ತು, ನಿಂತುಹೋಯ್ತು." ದಯವಿಟ್ಟು ಇದನ್ನು ನಂಬಬೇಡಿ. ಪೂರ್ತಿ ಕೀ ಕೊಡಲಿ ಅಂತಲೇ ಅದನ್ನು ಮಾಡಿರುವುದು.

ಒಳಗೆ ಹಿತ್ತಾಳೆ ಡಬ್ಬಿಯಲ್ಲಿ ಸ್ಪ್ರಿಂಗ್ ಇರುತ್ತದೆ. ಪಕ್ಕದಲ್ಲಿ ಬುಗುರಿಯ ಹಾಗೆ ಮೈತುಂಬ ಗೀರು ಕೊರೆದ ಫ್ಯೂಸೀ. ಎರಡರ ನಡುವೆ ಕರುಳಿನ ದಾರ, ಕೆಲವದರಲ್ಲಿ ಸಣ್ಣ ಚೈನು. ಕೀ ತಿರುಗಿಸಿದರೆ ದಾರ ಡಬ್ಬಿಯಿಂದ ಬಿಚ್ಚಿಕೊಂಡು ಫ್ಯೂಸೀಯ ದಪ್ಪ ತುದಿಯಿಂದ ಸಣ್ಣ ತುದಿಯವರೆಗೆ ಸುತ್ತಿಕೊಳ್ಳುತ್ತದೆ. ಸ್ಪ್ರಿಂಗ್ ಬಿಗಿಯಿದ್ದಾಗ ಎಳೆಯುವುದು ಸಣ್ಣ ತುದಿಯನ್ನು, ಸಡಿಲವಾದಂತೆ ದಪ್ಪ ತುದಿಯನ್ನು. ಹಾಗಾಗಿ ಮೊದಲ ದಿನವೂ ಏಳನೇ ದಿನವೂ ಚಕ್ರಗಳಿಗೆ ಹೆಚ್ಚುಕಡಿಮೆ ಒಂದೇ ಬಲ.

ದಾರ ಕೊನೆಯ ಸುತ್ತಿಗೆ ಬಂದಾಗ ಒಂದು ಪುಟ್ಟ ಕಬ್ಬಿಣದ ಪಟ್ಟಿಯನ್ನು ತಳ್ಳುತ್ತದೆ, ಆ ಪಟ್ಟಿ ಫ್ಯೂಸೀಯ ಕೊಕ್ಕಿಗೆ ಅಡ್ಡ ನಿಲ್ಲುತ್ತದೆ. ಕೈಗೆ 'ಟಕ್' ಅಂತ ತಗಲುವುದು ಅದೇ. ಸ್ಪ್ರಿಂಗ್ ಮುರಿಯುವ ಸೂಚನೆ ಅಲ್ಲ, ಮಾಡಿದವರೇ ಇಟ್ಟ ತಡೆ. ಹಿಂದಿನ ಹಿತ್ತಾಳೆ ತಗಡಿಗೂ ಬಳ್ಳಿ, ಎಲೆ ಕೆತ್ತಿಸಿದವರು ಅವರು. ಅವರ ಪೈಕಿ ಥಾಮಸ್ ಟಾಂಪಿಯನ್ 1713ರಲ್ಲಿ ತೀರಿಕೊಂಡಾಗ ರಾಜರ ಸಮಾಧಿಗಳಿರುವ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿನಲ್ಲಿ ಸಮಾಧಿ ಮಾಡಿದರು. ಅಂಥವರು ನಿಮ್ಮ ಕೈ ಒಂದು ಸುತ್ತು ಜಾಸ್ತಿ ತಿರುಗಿಸೀತು ಅಂತ ಯೋಚಿಸಿರುವುದಿಲ್ಲವೇ?

ಮತ್ತೆ ಯಾಕೆ ನಿಲ್ಲುತ್ತದೆ? ಬಹುಪಾಲು ಹಳೆಯ ಎಣ್ಣೆಯಿಂದ. ಧೂಳು ಸೇರಿ ಅಂಟಾಗುತ್ತದೆ, ಚಕ್ರದ ಅಚ್ಚು ಕೂರುವ ತೂತು ಸವೆಯುತ್ತದೆ, ಗಡಿಯಾರ ನಿಲ್ಲುತ್ತದೆ. ಆಗ ಜನ ಕೀ ಹಿಡಿದು ಹೋಗುತ್ತಾರೆ. ಮೊದಲೇ ಪೂರ್ತಿ ಕೊಟ್ಟಿದ್ದು ಹಾಗೇ ಇರುವುದರಿಂದ ಅದು ತಿರುಗುವುದಿಲ್ಲ. ತಪ್ಪು ಕೀಯ ತಲೆಗೆ!

ನಮ್ಮಲ್ಲಿಗೆ ಬರುವ ಒಬ್ಬ ಅಜ್ಜಿ ಇದೇ ಭಯಕ್ಕೆ ಪ್ರತಿ ಭಾನುವಾರ ನಾಲ್ಕೇ ಸುತ್ತು ಕೊಡುತ್ತಿದ್ದರು. ಬುಧವಾರದ ಹೊತ್ತಿಗೆ ಅದು ನಿಲ್ಲುತ್ತಿತ್ತು. ಗಂಡ ಇದ್ದಾಗ ಎಂದೂ ನಿಂತದ್ದಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದರು, ಪಾಪ. ತಡೆ ಸಿಗುವವರೆಗೆ ಅವರ ಕೈಯಿಂದಲೇ ತಿರುಗಿಸಿದೆ. ಈಗ ಎಂಟು ದಿನ ಓಡುತ್ತಿದೆ.

ಆದರೂ ಒಂದು ಮಾತು. ಆ ತಡೆಯ ಪಟ್ಟಿ ಬಾಗಿದ್ದರೆ ಅಥವಾ ದಾರದ ಎಳೆ ಬಿಟ್ಟಿದ್ದರೆ ಲೆಕ್ಕ ಬೇರೆ, ಬಿಚ್ಚಿ ನೋಡದೆ ಏನೂ ಹೇಳಲಾಗುವುದಿಲ್ಲ. ಕೀ ತಿರುಗಿಸುವಾಗ ಕರಕರ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ನೀವಾಗಿ ಸ್ಕ್ರೂ ಬಿಚ್ಚಲು ಹೋಗಬೇಡಿ, ನಿಂತ ಗಡಿಯಾರದ ಸ್ಪ್ರಿಂಗಿನಲ್ಲೂ ಬೆರಳು ಹರಿಯುವಷ್ಟು ಬಲ ಉಳಿದಿರುತ್ತದೆ. ಅಂಗಡಿಗೆ ತರುವಾಗ ಕೀಯನ್ನೂ ಜೊತೆಗೆ ತನ್ನಿ. ಅಳತೆ ಹೊಂದದ ಕೀಯಿಂದ, ಅದು ಕೂರುವ ಚೌಕ ಕಡ್ಡಿಯ ಮೂಲೆಗಳು ಸವೆದಿರುವುದನ್ನು ಜಾಸ್ತಿ ನೋಡುತ್ತಿದ್ದೇವೆ.