ರೇಷ್ಮೆಯ ಎಳೆ, ಮಿದುಳಿನ ಗಂಟು

ಮನೆಯ ದಾರಿ ತಪ್ಪುವ, ಮಗಳ ಹೆಸರು ಮರೆಯುವ ಅಜ್ಜಿಗೆ ‘ಅರವತ್ತಕ್ಕೆ ಅರಳು ಮರಳು’ ಎಂದುಬಿಡುತ್ತೇವೆ. ಇಲ್ಲವೇ ಗಾಳಿ ಸೋಕಿದೆಯೆಂದು ಅಂತ್ರ ಕಟ್ಟಿಸುತ್ತೇವೆ. ಎರಡೂ ತಪ್ಪು. ಇದು ಹಲವು ಬಾರಿ ಆಲ್ಜೈಮರ್ ಎಂಬ ಮಿದುಳಿನ ಕಾಯಿಲೆ. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಜೈಮರ್ ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ನೋಡಿದ ಮಿದುಳು ಆಗಸ್ಟೆ ಡೀಟರ್ ಎಂಬಾಕೆಯದು. ಆಸ್ಪತ್ರೆ ಸೇರಿದಾಗ ಆಕೆಗೆ ಇನ್ನೂ 51. ಆ ಮಿದುಳಿನಲ್ಲಿ ಕಂಡದ್ದು ಪ್ರೋಟೀನಿನ ಗಂಟುಗಳು.

ಗಂಟು ಕಟ್ಟುವ ಬಗೆ ತಿಳಿಯಬೇಕಾದರೆ ಶಿಡ್ಲಘಟ್ಟ ಕಡೆಯ ರೇಷ್ಮೆ ಹುಳುಮನೆ ನೋಡಬೇಕು. ಹಣ್ಣಾದ ಹುಳುವಿನ ಗ್ರಂಥಿಯಲ್ಲಿ ಫೈಬ್ರಾಯಿನ್ ಎಂಬ ಪ್ರೋಟೀನು ಮಂದ ದ್ರವವಾಗಿರುತ್ತದೆ. ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟ ಹುಳು ತಲೆಯನ್ನು ಇಂಗ್ಲಿಷಿನ 8ರಂತೆ ಆಡಿಸುತ್ತ ಅದನ್ನು ಹೊರಗೆಳೆಯುತ್ತದೆ. ಆ ಎಳೆತಕ್ಕೆ ಪ್ರೋಟೀನಿನ ಸರಪಳಿಗಳು ನೆಟ್ಟಗಾಗಿ, ಪಕ್ಕಪಕ್ಕ ಕೂತು, ಹೈಡ್ರೋಜನ್ ಬಂಧಗಳಿಂದ ಹಾಳೆಯಾಗುತ್ತವೆ. ಇದೇ ಬೀಟಾ ಹಾಳೆ. ಗೂಡನ್ನು ಬಿಸಿನೀರಿಗೆ ಹಾಕಿದರೆ ಮೇಲಿನ ಸೆರಿಸಿನ್ ಗೋಂದು ಸಡಿಲವಾಗುತ್ತದೆ, ಎಳೆ ಕರಗುವುದಿಲ್ಲ.

ಮಿದುಳಿಗೆ ಬರೋಣ. ನರಕೋಶದ ಪೊರೆಯಲ್ಲಿರುವ ಎಪಿಪಿ ಎಂಬ ಪ್ರೋಟೀನನ್ನು ಎರಡು ಕಿಣ್ವಗಳು ಕತ್ತರಿಸಿದಾಗ ಉದುರುವ ತುಂಡೇ ಬೀಟಾ ಅಮಿಲಾಯ್ಡ್. ಇದು ನಮ್ಮೆಲ್ಲರಲ್ಲೂ ದಿನವೂ ನಡೆಯುತ್ತದೆ. ಹೆಚ್ಚಿನ ತುಂಡುಗಳಲ್ಲಿ 40 ಅಮೈನೋ ಆಮ್ಲಗಳಿರುತ್ತವೆ. ಕತ್ತರಿ ಸ್ವಲ್ಪ ಮುಂದೆ ಬಿದ್ದರೆ 42. ಹೆಚ್ಚಾದ ಆ ಎರಡಕ್ಕೂ ನೀರೆಂದರೆ ಆಗದು, ಹಾಗಾಗಿ ತುಂಡುಗಳು ಒಂದಕ್ಕೊಂದು ಅಂಟಿಕೊಂಡು ಇಲ್ಲೂ ಬೀಟಾ ಹಾಳೆಯಾಗುತ್ತವೆ. ರೇಷ್ಮೆಯಲ್ಲಿ ಸರಪಳಿ ಎಳೆಯ ಉದ್ದಕ್ಕೆ ಮಲಗಿದ್ದರೆ ಇಲ್ಲಿ ಏಣಿಯ ಮೆಟ್ಟಿಲಂತೆ ಅಡ್ಡಡ್ಡ ಕೂರುತ್ತದೆ. ಮೆಟ್ಟಿಲಿಂದ ಮೆಟ್ಟಿಲಿಗೆ 0.47 ನ್ಯಾನೋಮೀಟರ್. ಮೊದಲ ಕೆಲವು ತುಂಡುಗಳು ಕೂಡುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. ಕೂಡಿದ್ದು ಹಾಲಿಗೆ ಬಿದ್ದ ಹೆಪ್ಪಿನಂತೆ ಉಳಿದವನ್ನೂ ತನ್ನ ರೂಪಕ್ಕೆ ತಿರುಗಿಸುತ್ತದೆ.

ಕಣ್ಣಿಗೆ ಬೀಳುವ ದೊಡ್ಡ ಗಂಟಿಗಿಂತ, ಇನ್ನೂ ದ್ರವದಲ್ಲಿ ತೇಲುವ ಚಿಕ್ಕ ಗುಂಪುಗಳೇ ಹೆಚ್ಚು ವಿಷಕಾರಿ ಎಂಬುದಕ್ಕೆ ಬಲವಾದ ಪುರಾವೆಗಳಿವೆ. ಅವು ನರಕೋಶಗಳು ಮಾತಾಡಿಕೊಳ್ಳುವ ಸಂಧಿಗಳನ್ನೇ ಕೆಡಿಸುತ್ತವೆ. ಆಮೇಲೆ ಕೋಶದೊಳಗಿನ ಸಾಗಣೆಯ ಹಳಿಗಳಿಗೆ ಆಸರೆಯಾಗಿದ್ದ ಟಾವ್ ಪ್ರೋಟೀನೂ ಕಳಚಿ ಸಿಕ್ಕುಗಟ್ಟುತ್ತದೆ. ಮರೆವು ಹೆಚ್ಚಿದಷ್ಟೂ ಈ ಸಿಕ್ಕು ಹೆಚ್ಚಿರುತ್ತದೆ. ಆದರೆ ಅಮಿಲಾಯ್ಡ್ ಶೇಖರಣೆ ಮರೆವಿಗೆ 15–20 ವರ್ಷ ಮೊದಲೇ ಶುರುವಾಗಿರುತ್ತದೆ.

ಲೆಕಾನೆಮ್ಯಾಬ್ ಎಂಬ ಔಷಧ ಆ ತೇಲುವ ಗುಂಪುಗಳನ್ನೇ ಹಿಡಿಯುತ್ತದೆ. ಕಾಯಿಲೆಯ ಆರಂಭದಲ್ಲಿದ್ದವರಿಗೆ ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಟ್ಟಾಗ, 18 ತಿಂಗಳಲ್ಲಿ ಕುಸಿತದ ವೇಗ ಶೇ. 27ರಷ್ಟು ತಗ್ಗಿತು. ಕುಸಿತ ನಿಲ್ಲಲಿಲ್ಲ. ಕೆಲವರಿಗೆ ಮಿದುಳು ಊದಿಕೊಳ್ಳುತ್ತದೆ, ಸಣ್ಣಗೆ ರಕ್ತ ಜಿನುಗುತ್ತದೆ. ಆದ್ದರಿಂದ ನಡುನಡುವೆ ಎಂಆರ್‌ಐ ಮಾಡಿಸುತ್ತಲೇ ಇರಬೇಕು.