ಯಕೃತ್ತಿನ ಕ್ಯಾನ್ಸರ್ ಮತ್ತು ರಕ್ತದ ಕ್ಯಾಲ್ಸಿಯಂ

ವಯಸ್ಕರ ರಕ್ತದ ಪ್ರತಿ ಡೆಸಿಲೀಟರಿನಲ್ಲಿ ಸುಮಾರು 8.5ರಿಂದ 10.5 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ಸಹಜವೆಂದು ಪರಿಗಣಿಸಲಾಗುತ್ತದೆ. ಯಕೃತ್ತು ಹಾಳಾದವರಲ್ಲಿ ಮಾತ್ರ ಈ ಅಂಕಿಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ರಕ್ತದಲ್ಲಿನ ಕ್ಯಾಲ್ಸಿಯಂನ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಬಿಡಿಯಾಗಿದ್ದು ದೇಹದ ಕೆಲಸಕ್ಕೆ ಒದಗುತ್ತದೆ. ಉಳಿದುದರ ಬಹುಭಾಗ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಆ ಆಲ್ಬುಮಿನ್ ತಯಾರಾಗುವುದು ಯಕೃತ್ತಿನಲ್ಲಿಯೇ.

ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ವರ್ಷಗಟ್ಟಲೆ ಯಕೃತ್ತಿನಲ್ಲಿ ಉಳಿದು ಉರಿಯೂತ ಉಂಟುಮಾಡುತ್ತವೆ. ಕಾಲಕ್ರಮೇಣ ಗಾಯದ ಕಲೆಯಂತಹ ಅಂಗಾಂಶ ಬೆಳೆದು ಸಿರೋಸಿಸ್ ಉಂಟಾಗುತ್ತದೆ. ಸಿ ವೈರಸ್ಸಿನ ಸೋಂಕಿನಲ್ಲಿ ಕ್ಯಾನ್ಸರ್ ಸಾಮಾನ್ಯವಾಗಿ ಈ ಹಂತದ ನಂತರವೇ ತಲೆದೋರುತ್ತದೆ. ಬಿ ವೈರಸ್ ತನ್ನ ಡಿಎನ್‌ಎಯನ್ನು ನಮ್ಮ ಜೀವಕೋಶದ ಡಿಎನ್‌ಎಯೊಳಗೆ ಸೇರಿಸಬಲ್ಲದಾದ್ದರಿಂದ, ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ತರಬಲ್ಲದು.

ಸಿರೋಸಿಸ್ ಆದಾಗ ಆಲ್ಬುಮಿನ್ ಕುಸಿಯುತ್ತದೆ, ಅದರೊಂದಿಗೆ ಒಟ್ಟು ಕ್ಯಾಲ್ಸಿಯಂ ಕೂಡ ಕಡಿಮೆಯಾಗಿ ಕಾಣುತ್ತದೆ. ಹಾಗಾಗಿ ಆಲ್ಬುಮಿನ್ ಡೆಸಿಲೀಟರಿಗೆ 4 ಗ್ರಾಂಗಿಂತ ಎಷ್ಟು ಗ್ರಾಂ ಕಡಿಮೆಯಿದೆಯೋ ಅದನ್ನು 0.8ರಿಂದ ಗುಣಿಸಿ, ಬಂದುದನ್ನು ಕ್ಯಾಲ್ಸಿಯಂ ಅಂಕಿಗೆ ಕೂಡಿಸುವ ಹಳೆಯ ಲೆಕ್ಕವೊಂದು ಬಳಕೆಯಲ್ಲಿದೆ. ವರದಿಯಲ್ಲಿ 10.2 ಎಂದಿದ್ದು ಆಲ್ಬುಮಿನ್ 2 ಗ್ರಾಂ ಇದ್ದರೆ, ಸರಿಪಡಿಸಿದ ಅಂಕಿ 11.8 ಆಗುತ್ತದೆ: ಸಹಜವೆಂದು ತೋರಿದ್ದು ವಾಸ್ತವದಲ್ಲಿ ಮಿತಿ ಮೀರಿದೆ. ಈ ಲೆಕ್ಕವೂ ಅಂದಾಜೇ. ಬಿಡಿ ಕ್ಯಾಲ್ಸಿಯಂ ಅನ್ನು ನೇರವಾಗಿ ಅಳೆಯುವುದು ಮೇಲು.

ಹೀಗೆ ಮಿತಿ ಮೀರಲು ಗೆಡ್ಡೆಯೇ ಕಾರಣವಾಗಿರಬಹುದು. ಕುತ್ತಿಗೆಯಲ್ಲಿ ಥೈರಾಯ್ಡ್‌ನ ಹಿಂಬದಿಗೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿದ್ದು, ಅವು ಸ್ರವಿಸುವ ಹಾರ್ಮೋನ್ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ತರುತ್ತದೆ. ಕ್ಯಾನ್ಸರ್ ಗೆಡ್ಡೆ ಇದನ್ನು ಹೋಲುವ ವಸ್ತುವನ್ನು ಹೊರಸೂಸುತ್ತಿರಬಹುದೆಂದು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1941ರಲ್ಲೇ ಊಹಿಸಿದ್ದರು. ಆ ವಸ್ತು ನಿಖರವಾಗಿ ಪತ್ತೆಯಾದದ್ದು 1987ರಲ್ಲಿ. ಅಸಲಿ ಹಾರ್ಮೋನಿನ ಮೊದಲ 13 ಅಮೈನೋ ಆಮ್ಲಗಳಲ್ಲಿ 8 ಇದರಲ್ಲಿಯೂ ಅದೇ ಸ್ಥಾನದಲ್ಲಿವೆ, ಆದ್ದರಿಂದ ಮೂಳೆ ಮತ್ತು ಮೂತ್ರಪಿಂಡಗಳಲ್ಲಿರುವ ಗ್ರಾಹಕಗಳು ಇದಕ್ಕೂ ಓಗೊಡುತ್ತವೆ. ಇದನ್ನು ಕ್ಯಾನ್ಸರಿನ ಸೃಷ್ಟಿಯೆಂದು ಭಾವಿಸುವುದು ತಪ್ಪು. ಭ್ರೂಣದ ಎಲುಬಿನ ಬೆಳವಣಿಗೆಗೆ ಇದು ಬೇಕೇ ಬೇಕು. ಯಕೃತ್ತಿನ ಕೆಲವು ಗೆಡ್ಡೆಗಳು ಇದನ್ನು ಹೊತ್ತುಗೊತ್ತಿಲ್ಲದೆ ರಕ್ತಕ್ಕೆ ಸುರಿಯುತ್ತವೆ. ಆಗ ಕ್ಯಾಲ್ಸಿಯಂ ಏರಿದ್ದನ್ನು ಗ್ರಹಿಸಿದ ಪ್ಯಾರಾಥೈರಾಯ್ಡ್ ಗ್ರಂಥಿಗಳು ತಮ್ಮ ಸ್ರಾವವನ್ನು ತಗ್ಗಿಸುತ್ತವೆ. ಕ್ಯಾಲ್ಸಿಯಂ ಹೆಚ್ಚು, ಪ್ಯಾರಾಥೈರಾಯ್ಡ್ ಹಾರ್ಮೋನ್ ಕಡಿಮೆ ಎಂಬ ಜೋಡಿ ಕಂಡರೆ ಶಂಕೆ ಗ್ರಂಥಿಗಳನ್ನು ಬಿಟ್ಟು ಬೇರೆಡೆಗೆ ತಿರುಗುತ್ತದೆ.

ಇದರ ಲಕ್ಷಣಗಳೇ ದಾರಿ ತಪ್ಪಿಸುವಂಥವು. ಕ್ಯಾಲ್ಸಿಯಂ ಅತಿಯಾದರೆ ಬಾಯಾರಿಕೆ, ಮಲಬದ್ಧತೆ, ಮಂಪರು, ಗೊಂದಲ ಕಾಣಿಸಿಕೊಳ್ಳುತ್ತವೆ. ಯಕೃತ್ತು ವಿಫಲವಾಗಿ ಮೆದುಳು ಮಂಕಾದಾಗಲೂ ರೋಗಿ ಹೀಗೆಯೇ ಮಂಪರಿನಲ್ಲಿರುತ್ತಾನೆ, ಆದ್ದರಿಂದ ಮೂಲವನ್ನು ಅಲ್ಲಿಯೇ ಹುಡುಕಿ ಸುಮ್ಮನಾಗುವ ಅಪಾಯವಿದೆ. ಗುರುತಿಸಿದರೆ ಚಿಕಿತ್ಸೆ ಇದೆ: ರಕ್ತನಾಳದ ಮೂಲಕ ಲವಣದ್ರಾವಣ, ಮೂಳೆ ಕರಗುವುದನ್ನು ತಡೆಯುವ ಔಷಧಗಳು. ಆದರೂ ಗೆಡ್ಡೆ ಉಳಿದಿರುವವರೆಗೆ ಅವು ತಾತ್ಕಾಲಿಕವೇ. ಶಸ್ತ್ರಕ್ರಿಯೆಯಿಂದ ಅದನ್ನು ತೆಗೆದಾಗ ಕ್ಯಾಲ್ಸಿಯಂ ಇಳಿಯುತ್ತದೆ; ಮುಂದೆಂದಾದರೂ ಮತ್ತೆ ಏರತೊಡಗಿದರೆ, ಗೆಡ್ಡೆ ಮರುಕಳಿಸಿದೆಯೇ ಎಂದು ನೋಡಬೇಕಾಗುತ್ತದೆ.